ಸರ್ಕಾರಿ ವಕೀಲರ ಕಡತದಲ್ಲಿ ಉಳಿದ ಮಾತು

ಮಾನ್ಯ ಸಂಪಾದಕರೇ,

ಅಮೆರಿಕದ ಹಳೆಯ ಮೊಕದ್ದಮೆಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ಬಹುತೇಕ ತೀರ್ಪಿನ ಪ್ರತಿಯನ್ನೇ ನೆಚ್ಚಿಕೊಳ್ಳುತ್ತಾರೆ. ಆದರೆ ಅಲ್ಲಿನ ಫೆಡರಲ್ ಅಭಿಯೋಜಕರ, ಅಂದರೆ 1789ರ ನ್ಯಾಯಾಂಗ ಕಾಯ್ದೆಯಿಂದ ಜಿಲ್ಲೆಗೊಬ್ಬರಂತೆ ನೇಮಕಗೊಂಡ ಸರ್ಕಾರಿ ವಕೀಲರ, ಕಡತಗಳು ರಾಷ್ಟ್ರೀಯ ಪತ್ರಾಗಾರದಲ್ಲಿ ನ್ಯಾಯಾಲಯದ ದಾಖಲೆಗಳಿಂದ ಬೇರೆಯಾಗಿಯೇ, 118ನೇ ದಾಖಲೆ ವರ್ಗದಲ್ಲಿವೆ. ಸರ್ಕಾರ ಕೋರ್ಟಿನಲ್ಲಿ ಹೇಳಿದ್ದು ನ್ಯಾಯಾಲಯದ ಕಡತದಲ್ಲಿ ಸಿಗುತ್ತದೆ. ಹೇಳದೆ ಬಿಟ್ಟದ್ದನ್ನು ಹುಡುಕಬೇಕಾದುದು ವಕೀಲರ ಕಾಗದಗಳಲ್ಲಿ.

ಅಣುಬಾಂಬಿನ ಗುಟ್ಟುಗಳನ್ನು ಸೋವಿಯತ್ ಒಕ್ಕೂಟಕ್ಕೆ ಒದಗಿಸಿದ ಆರೋಪ ಹೊತ್ತ ಜೂಲಿಯಸ್ ಮತ್ತು ಇಥೆಲ್ ರೋಸೆನ್‌ಬರ್ಗ್ ದಂಪತಿಯ ಮೊಕದ್ದಮೆಯನ್ನೇ ನೋಡಿ. 1951ರ ವಿಚಾರಣೆಯಲ್ಲಿ ಇಥೆಲ್ ಅವರ ತಮ್ಮನ ಹೆಂಡತಿ ರೂತ್ ಗ್ರೀನ್‌ಗ್ಲಾಸ್, ಅಣುಬಾಂಬಿನ ಟಿಪ್ಪಣಿಗಳನ್ನು ಟೈಪ್ ಮಾಡಿದ್ದು ಇಥೆಲ್ ಎಂದು ಸಾಕ್ಷ್ಯ ನುಡಿದರು. ಅಭಿಯೋಜಕ ಇರ್ವಿಂಗ್ ಸೇಪೋಲ್ ತಮ್ಮ ಅಂತಿಮ ವಾದದಲ್ಲಿ ಆ ಟೈಪ್‌ರೈಟರನ್ನು ದೇಶದ್ರೋಹದ ಚಿತ್ರವಾಗಿಯೇ ಜ್ಯೂರಿಯ ಮುಂದಿಟ್ಟರು. 1953ರ ಜೂನ್ 19ರಂದು ಇಥೆಲ್ ಅವರಿಗೆ ಮರಣದಂಡನೆಯಾಯಿತು. ಇತಿಹಾಸಕಾರರು ಅರ್ಜಿ ಹಾಕಿದ ಮೇಲೆ 2008ರಲ್ಲಿ ಗ್ರ್ಯಾಂಡ್ ಜ್ಯೂರಿಯ (ಆರೋಪ ಹೊರಿಸಲು ಆಧಾರವಿದೆಯೇ ಎಂದು ವಿಚಾರಣೆಗೆ ಮುನ್ನ ಗುಪ್ತವಾಗಿ ಪರಿಶೀಲಿಸುವ ನಾಗರಿಕರ ಮಂಡಳಿಯ) ಮುಂದಿನ ಹೇಳಿಕೆಗಳು ಬಹಿರಂಗವಾದಾಗ ನೋಡಿದರೆ, 1950ರ ಆಗಸ್ಟ್‌ನಲ್ಲಿ ಅದೇ ರೂತ್, ಮಾಹಿತಿಯನ್ನು ಕೈಬರಹದಲ್ಲಿ ಬರೆದದ್ದು ತಾನೇ ಎಂದಿದ್ದರು. ಟೈಪಿಂಗಿನ ಪ್ರಸ್ತಾಪವೇ ಅಲ್ಲಿರಲಿಲ್ಲ.

ಇಂಥ ಕಾಗದ ಉಳಿಯುವುದು ಹೆಚ್ಚಾಗಿ ಅದೃಷ್ಟದ ಮಾತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಜಪಾನಿ ಮೂಲದವರ ಬಲವಂತದ ಸ್ಥಳಾಂತರವನ್ನು ಸಮರ್ಥಿಸಿದ ಜನರಲ್ ಡಿವಿಟ್ ಅವರ ವರದಿಯ, ಸರ್ಕಾರ ಆಮೇಲೆ ತಿದ್ದಿಸಿದ, ಮೊದಲ ಆವೃತ್ತಿಯ ಪ್ರತಿಗಳನ್ನು ಸುಡಲಾಗಿತ್ತು. ಉಳಿದ ಒಂದು ಪ್ರತಿ ಸಂಶೋಧಕಿ ಐಕೋ ಹರ್ಜಿಗ್-ಯೋಶಿನಾಗಾ ಅವರ ಕಣ್ಣಿಗೆ ಬಿದ್ದದ್ದು ಪತ್ರಾಗಾರದ ಸಿಬ್ಬಂದಿಯೊಬ್ಬರ ಮೇಜಿನ ಮೇಲೆ. ನ್ಯಾಯ ಇಲಾಖೆಯ ಕಡತಗಳಲ್ಲಿ ಕಾನೂನು ಇತಿಹಾಸಕಾರ ಪೀಟರ್ ಐರನ್ಸ್ ಕಂಡುಕೊಂಡ ವಕೀಲರ ಆಂತರಿಕ ಟಿಪ್ಪಣಿಗಳೂ ಅದರೊಡನೆ ಸೇರಿ, ಆ ಸ್ಥಳಾಂತರದ ಆದೇಶವನ್ನು ಮೀರಿದ್ದಕ್ಕಾಗಿ ಫ್ರೆಡ್ ಕೊರೆಮಾಟ್ಸು ಅವರ ಮೇಲಿದ್ದ ಶಿಕ್ಷೆ 1983ರಲ್ಲಿ ರದ್ದಾಯಿತು.

ನನ್ನ ಆಕ್ಷೇಪವಿರುವುದು ಇಲ್ಲಿಯೇ. ಐತಿಹಾಸಿಕ ಮಹತ್ವದ್ದೆಂದು ಗುರುತಿಸಿದ ಕಡತಗಳು ಮಾತ್ರ ಶಾಶ್ವತವಾಗಿ ಉಳಿದು, ಮಿಕ್ಕವು ಅವಧಿ ಮುಗಿದ ಮೇಲೆ ವಿಲೇವಾರಿಯಾಗುತ್ತವೆ. ಎಲ್ಲವನ್ನೂ ಇಟ್ಟುಕೊಳ್ಳಲು ಜಾಗವಿಲ್ಲ ಎಂಬುದು ಸರಿಯೇ. ಆದರೆ ಮಹತ್ವವನ್ನು ಅಳೆಯುವುದು ಯಾವಾಗ, ಯಾರು? 1942ರಲ್ಲಿ ಕೊರೆಮಾಟ್ಸು 23 ವರ್ಷದ ವೆಲ್ಡರ್. ಊರು ಬಿಟ್ಟು ಹೋಗಲಿಲ್ಲ ಎಂಬುದಷ್ಟೇ ಅವರ ಮೇಲಿದ್ದ ಆರೋಪ, ಆದದ್ದು 5 ವರ್ಷದ ಪ್ರೊಬೇಷನ್, ಅಂದರೆ ಜೈಲಿನ ಬದಲು ನ್ಯಾಯಾಲಯದ ನಿಗಾ. ಅದು ಸುಪ್ರೀಂ ಕೋರ್ಟಿಗೆ ಹೋಗದೆ ಅಲ್ಲಿಗೇ ಮುಗಿದಿದ್ದರೆ ಯಾವ ಗುಮಾಸ್ತ ಆ ಕಡತದ ಮೇಲೆ 'ಶಾಶ್ವತ' ಎಂದು ಬರೆಯುತ್ತಿದ್ದ? ಮೊಕದ್ದಮೆ ನಡೆಸಿದ ಕಚೇರಿಯ ಅಭಿಪ್ರಾಯವೊಂದೇ ಸಾಲದು. ಕಡತ ನಾಶವಾಗುವ ಮುನ್ನ ಅದಕ್ಕೆ ಸಂಬಂಧವಿಲ್ಲದ ಇತಿಹಾಸಕಾರರೊಬ್ಬರು ಅದನ್ನು ತೆರೆದು ನೋಡುವಂತಾಗಬೇಕು. ಈ ಮೊಕದ್ದಮೆಗಳ ಬಗ್ಗೆ ತಮ್ಮ ಪತ್ರಿಕೆಗೆ ಬರೆಯುವವರೂ ತೀರ್ಪಿನ ಜೊತೆಗೆ, ಹೀಗೆ ಉಳಿದುಬಂದ ಕಾಗದಗಳಲ್ಲಿ ಏನಿದೆ ಎಂಬುದನ್ನು ಓದುಗರಿಗೆ ತಿಳಿಸಲಿ ಎಂದು ಕೋರುತ್ತೇನೆ.

ಇಂತಿ,
ಇತಿಹಾಸದ ಒಬ್ಬ ಓದುಗ