ಚಿಕ್ಕಮ್ಮನಿಗೆ, ಮತ್ತೆ ಉಳಿದ ಎಲ್ಲರಿಗೂ

ವೆಲ್ಡರ್ ಟ್ರೇಡಿನ ಸರ್ಟಿಫಿಕೇಟ್ ಕೈಗೆ ಬಂತು. ಸೋಮವಾರದಿಂದ ಮಂಗಳೂರಿನ ಬೈಕಂಪಾಡಿಯಲ್ಲಿ ಕೆಲಸ. ಹೊರಡುವ ಮೊದಲು ನಾಲ್ಕು ಮಾತು.

ನನ್ನ ಸ್ಕಾಲರ್‌ಶಿಪ್ ಬಂದದ್ದು ಅಮ್ಮನ ಬೀಡಿ ಕಾರ್ಡಿನ ಮೇಲೆ. ಬೀಡಿ ಕಟ್ಟುವವರ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವಂಥದ್ದು, ಐಟಿಐಗೆ ವರ್ಷಕ್ಕೆ 6,000 ರೂಪಾಯಿ. ಅದೆಲ್ಲ ಕಾಲೇಜು ಓದುವವರಿಗೆ ಮಾತ್ರ ಅಂತ ಕಾಸರಗೋಡಿನ ನಮ್ಮ ಪೈವಳಿಕೆಯಲ್ಲಿ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಲ್ಲ, ವಿಚಾರಿಸಿ ನೋಡಿ. ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಅಂತ ಎರಡು ಸಲ ವಾಪಸ್ ಬಂದ ಅರ್ಜಿಯನ್ನು ಸರಿಮಾಡಿಕೊಟ್ಟ ಅಕ್ಷಯ ಕೇಂದ್ರದ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಅಣ್ಣ, ಮಲಯಾಳದ ಪಾಠವನ್ನು ಬಸ್ಸಿನಲ್ಲಿ ಕನ್ನಡದಲ್ಲಿ ಹೇಳಿಕೊಟ್ಟ ಗೆಳತಿಯರು, ಹುಡುಗಿ ಅಂತ ಹಗುರದ ಕೆಲಸ ಕೊಡದ ಸರ್, ಎಲ್ಲರಿಗೂ ಥ್ಯಾಂಕ್ಸ್.

ಇನ್ನು ಚಿಕ್ಕಮ್ಮ.

ಆ ರಾತ್ರಿಯ ವಿಷಯ ನಿಮ್ಮಲ್ಲಿ ಹಲವರಿಗೆ ಗೊತ್ತು. ತಪ್ಪು ನನ್ನದೇ. ಎರಡು ಟ್ಯಾಕ್ (ತುಂಡುಗಳನ್ನು ಹಿಡಿದು ನಿಲ್ಲಿಸುವ ಚಿಕ್ಕ ವೆಲ್ಡ್) ತಾನೇ ಅಂತ ಮುಖಕ್ಕೆ ಶೀಲ್ಡ್ ಹಿಡಿಯದೆ ಹೊಡೆದೆ. ಎರಡು ಹೋಗಿ ಹತ್ತಾಯಿತು. ಸಂಜೆವರೆಗೆ ಏನೂ ಇಲ್ಲ. ವೆಲ್ಡಿಂಗ್ ಆರ್ಕಿನ ಬೆಳಕು ಹಾಗೇ, ಕಣ್ಣು ಸುಟ್ಟದ್ದು ಗಂಟೆಗಟ್ಟಲೆ ಕಳೆದ ಮೇಲೆ ಗೊತ್ತಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಕಣ್ಣಿಗೆ ಹೊಯ್ಗೆ ಸುರಿದ ಹಾಗೆ. ರೆಪ್ಪೆ ತೆರೆದರೂ ಉರಿ, ಮುಚ್ಚಿದರೂ ಉರಿ.

ವಿದ್ಯಾನಗರದ ಆ ಒಂದು ಕೋಣೆಯ ಮನೆಯಲ್ಲಿ ಚಿಕ್ಕಮ್ಮ ಲೈಟ್ ಆರಿಸಿದರು. ಮರುದಿನ ಬೀಡಿ ಕಂಪನಿಯ ಬ್ರಾಂಚಿಗೆ ಕೊಡಬೇಕಾದ ಬೀಡಿ ಬಾಕಿ ಇತ್ತು. ಎಲೆ ಕತ್ತರಿಸಿಟ್ಟಾಗಿತ್ತು. ಕತ್ತಲಲ್ಲೇ ಮೊರ ಮಡಿಲಿಗೆ ಎಳೆದುಕೊಂಡು ಸುರುಟಲು ಕೂತರು. ನಡುನಡುವೆ ಎದ್ದು ನನ್ನ ಕಣ್ಣಿನ ಒದ್ದೆ ಬಟ್ಟೆ ಬದಲಿಸುತ್ತಿದ್ದರು. ಹೊಗೆಸೊಪ್ಪಿನ ಕೈ ಅಂತ ಪ್ರತಿ ಸಲವೂ ಸೋಪು ಹಾಕಿ ತೊಳೆದು. ಎಷ್ಟು ಸಲ ನೀರಿನ ಸದ್ದು ಕೇಳಿತೋ, ಲೆಕ್ಕ ತಪ್ಪಿತು.

"ಕಣ್ಣು ಹೋಗ್ತದಾ ಚಿಕ್ಕಮ್ಮಾ?"

"ಸುಮ್ನೆ ಮಲಗು ಮಗಾ. ಬೆಳಗ್ಗೆ ಡಾಕ್ಟ್ರ ಹತ್ರ ಹೋಗುವ." ಧ್ವನಿ ನಡುಗುತ್ತಿತ್ತು. ನನಗೆ ಈ ಟ್ರೇಡೇ ಬೇಡ, ಬಿಡ್ತೇನೆ ಅಂದೆ. ಆಗ ಮಾತ್ರ ರೇಗಿದರು. "ಬಿಟ್ಟು? ನನ್ನ ಹಾಗೆ ಕೂರ್ತೀಯಾ?"

ನಾನು ಉತ್ತರ ಕೊಡಲಿಲ್ಲ. ಈಗಲೂ ಆ ಮಾತು ನೆನಪಾದರೆ ಗಂಟಲು ಕಟ್ಟುತ್ತದೆ.

ಮರುದಿನ ಬ್ರಾಂಚಿನಲ್ಲಿ ಅವರ ಬೀಡಿ ಒಂದೂ ತಿರಸ್ಕಾರ ಆಗಲಿಲ್ಲವಂತೆ. ನಾನು ಹಗಲು ಬೆಳಕಲ್ಲಿ ಎಳೆದ ಮೊದಮೊದಲ ಬೀಡ್‌ಗಳನ್ನು (ವೆಲ್ಡಿನ ಗೆರೆಗಳನ್ನು) ಸರ್ ಉಜ್ಜಿ ತೆಗೆಸಿದ್ದರು! ಚಿಕ್ಕಮ್ಮನಿಗೆ ಮಾತ್ರ ಯಾವ ಸರ್ಟಿಫಿಕೇಟೂ ಇಲ್ಲ.

ಸ್ಕಾಲರ್‌ಶಿಪ್ ದುಡ್ಡಲ್ಲಿ ಮೊದಲು ತಗೊಂಡದ್ದು ಸ್ವಂತದ್ದೊಂದು ಹೆಲ್ಮೆಟ್. ಚಿಕ್ಕಮ್ಮಾ, ಸೋಮವಾರ ಬೆಳಗ್ಗಿನ ರೈಲಿಗೆ ನೀವು ಬೇಗ ಎದ್ದು ಬುತ್ತಿ ಕಟ್ಟಬೇಡಿ, ನಾನೇ ಕಟ್ಟಿಕೊಳ್ತೇನೆ. ಹೆಲ್ಮೆಟ್ ಆಗಲೇ ಚೀಲದಲ್ಲಿದೆ.