ಪರಿಹಾರದ ದುಡ್ಡು: ಮಗಳಿಗೊಂದು ಪತ್ರ

ಪುಟ್ಟಿ,

ಭಾನುವಾರ ರಾತ್ರಿ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ಹೈದರಾಬಾದಿಗೆ ಹೋದರೆ ಸಂಬಳ ಎರಡರಷ್ಟು ಆಗುತ್ತೆ ಅಮ್ಮ, ಆಮೇಲೆ ಎಲ್ಲ ಸರಿ ಹೋಗುತ್ತೆ ಬಿಡು" ಅಂದೆ. ಹೋಗು ಅಂತಲೂ ಹೇಳಲಿಲ್ಲ ನಾನು, ಬೇಡ ಅಂತಲೂ ಹೇಳಲಿಲ್ಲ. ಆಗ ಮಾತು ಹೊರಡಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ದುಡ್ಡಿನಿಂದ ಏನೂ ಆಗಲ್ಲ ಅಂತ ನಾನು ಹೇಳುತ್ತೇನೆ ಅಂದುಕೊಳ್ಳಬೇಡ. ಮಂಡ್ಯದ ಕಡೆ ಕಬ್ಬು ಬೆಳೆಯುವ ಮನೆಯಲ್ಲಿ ಹುಟ್ಟಿದವಳು ನಾನು. ಕಬ್ಬು ಅಂದರೆ ಹನ್ನೆರಡು ತಿಂಗಳು ಬರೀ ಖರ್ಚು. ಬಿತ್ತನೆ, ಗೊಬ್ಬರ, ಕಳೆ, ಕಡಿಯುವವರ ಕೂಲಿ, ಎಲ್ಲವೂ ಸಾಲದ ಮೇಲೆ. ಕಡಿದು ಸಾಗಿಸಿದ ಮೇಲೂ ದುಡ್ಡು ಕೈಗೆ ಬರುತ್ತಿರಲಿಲ್ಲ. ಕಬ್ಬು ತಲುಪಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ನಮ್ಮ ಬಿಲ್ ಮಾತ್ರ ತಿಂಗಳುಗಟ್ಟಲೆ ನಿಲ್ಲುತ್ತಿತ್ತು. ಅಷ್ಟೂ ದಿನ ನೂರಕ್ಕೆ ಮೂರು ರೂಪಾಯಿ ಬಡ್ಡಿ.

ಆ ತಿಂಗಳುಗಳಲ್ಲಿ ನಿನ್ನ ತಾತ ಬೇರೆಯೇ ಮನುಷ್ಯ ಆಗಿಬಿಡುತ್ತಿದ್ದರು. ನಾಲೆ ನೀರಿನ ಸರದಿ ಮರೆಯುತ್ತಿದ್ದರು. ಅಂಗಡಿ ಮುಂದೆ ನಿಂತು ಏನು ತಗೊಳ್ಳೋಕೆ ಬಂದೆ ಅಂತ ಯೋಚಿಸುತ್ತಿದ್ದರು. ಸಾರಿಗೆ ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ಅವ್ವನ ಮೇಲೆ ರೇಗುತ್ತಿದ್ದರು. ಬಿಲ್ ಬಟವಾಡೆ ಆದ ವಾರ ಅದೇ ತಾತ ಜಗಲಿ ಮೇಲೆ ಕೂತು ಎಕರೆ, ಗುಂಟೆ, ಬಡ್ಡಿ ಲೆಕ್ಕ ಎಲ್ಲ ಬಾಯಲ್ಲೇ ಮಾಡಿ ನನಗೆ ಹೇಳಿಕೊಡುತ್ತಿದ್ದರು. ಇದು ಯಾಕೆ ಹೀಗೆ ಅಂತ ನನಗೆ ಗೊತ್ತಾಗಿದ್ದು ಅವರು ಹೋಗಿ ಎಷ್ಟೋ ವರ್ಷದ ಮೇಲೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಓದಿದೆ. ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮೊದಲು ಒಂದು ಸಲ, ಕಟಾವಾದ ಮೇಲೆ ಒಂದು ಸಲ ಬುದ್ಧಿಗೆ ಕೆಲಸ ಕೊಡುವ ಪರೀಕ್ಷೆ ಮಾಡಿದ್ದರು. ದುಡ್ಡಿನ ಮುಗ್ಗಟ್ಟು ಇದ್ದಾಗ ತಡವರಿಸಿದವರೇ ಕೈಗೆ ದುಡ್ಡು ಬಂದ ಮೇಲೆ ಚೆನ್ನಾಗಿ ಮಾಡಿದ್ದರು. ಓದಿ ಅತ್ತುಬಿಟ್ಟೆ ಕಣೇ. ಅಪ್ಪನ ಸ್ವಭಾವವೇ ಸಿಡುಕು ಅಂತ ನಾವು ಮಕ್ಕಳೆಲ್ಲ ನಂಬಿದ್ದೆವು. ಸ್ವಭಾವ ಅಲ್ಲ ಅದು, ಸಾಲ.

ಹಾಗಾಗಿ ದುಡ್ಡಿಲ್ಲದೆ ಬಂದ ಕಷ್ಟಕ್ಕೆ ದುಡ್ಡೇ ಮದ್ದು. ನೆಮ್ಮದಿ, ತೃಪ್ತಿ ಅಂತ ಯಾರಾದರೂ ಬುದ್ಧಿ ಹೇಳಲು ಬಂದರೆ, ಮೊದಲು ಸಾಲ ತೀರಲಿ ಅಂತ ನಾನೇ ಹೇಳುತ್ತೇನೆ.

ಇನ್ನು ನಿನಗೆ ಇದುವರೆಗೆ ಪೂರ್ತಿ ಹೇಳದೆ ಇಟ್ಟುಕೊಂಡ ವಿಷಯ. ತವರಿಗೆ ಯಾಕೆ ಹೋಗಲ್ಲ ಅಂತ ನೀನು ಎಷ್ಟೋ ಸಲ ಕೇಳಿದ್ದೀಯ. ಬೆಂಗಳೂರು–ಮೈಸೂರು ಹೆದ್ದಾರಿಯ ಮಂಡ್ಯ ಬೈಪಾಸ್‌ಗೆ ನಮ್ಮ ಹೊಲದ ಒಂದು ಭಾಗ ಹೋಯಿತು. ಸರ್ಕಾರದ ಕಾಗದದಲ್ಲಿ ಆ ದುಡ್ಡಿಗೆ ಪರಿಹಾರ ಅಂತ ಹೆಸರು. ಊರಿಡೀ ಅದೇ ಮಾತು, "ನಿಮಗೆ ಪರಿಹಾರ ಬಂತಾ? ಎಷ್ಟು ಬಂತು?" ನಮ್ಮ ಮನೆಯವರು ಯಾರೂ ಅಷ್ಟು ದುಡ್ಡನ್ನು ಒಟ್ಟಿಗೆ ನೋಡಿದವರಲ್ಲ. ಇನ್ನು ಕಷ್ಟ ಎಲ್ಲಿಯದು ಅಂತ ನನಗೂ ಅನಿಸಿತ್ತು.

2018ರ ಗೌರಿ ಹಬ್ಬಕ್ಕೆ ನಿನ್ನ ಮಾವ ಬಾಗಿನ ತಂದ. ರವಿಕೆ ಬಟ್ಟೆ, ಬಳೆ, ಎಲೆ ಅಡಿಕೆ, 500 ರೂಪಾಯಿ. ಅದರ ಜೊತೆಗೆ ಒಂದು ಹಕ್ಕು ಖುಲಾಸೆ ಪತ್ರ, ಅಂದರೆ ಆಸ್ತಿಯಲ್ಲಿ ನಮ್ಮ ಪಾಲು ಬಿಟ್ಟುಕೊಟ್ಟೆವು ಅನ್ನುವ ಕಾಗದ. "ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ನೀನೂ ಚಿಕ್ಕವಳೂ ಒಂದು ಸಹಿ ಹಾಕಿಬಿಡಿ" ಅಂದ. ಕೇಳಿದ್ದರೆ ನಾನು ಅರ್ಧ ಬಿಟ್ಟುಕೊಡುತ್ತಿದ್ದೆ. ಅವನು ಕೇಳಲಿಲ್ಲ, ಬಾಗಿನದ ತಟ್ಟೆಯಲ್ಲೇ ಇಟ್ಟು ತಂದ. ನಾನು ಸಹಿ ಹಾಕಲಿಲ್ಲ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ 2005ರ ಕಾನೂನು ಬರುವ ಮೊದಲೇ ತಾತ ತೀರಿಕೊಂಡಿದ್ದರು, ಹಾಗಾಗಿ ಹೆಣ್ಣುಮಕ್ಕಳಿಗೆ ಸಮಪಾಲಿಲ್ಲ ಅಂತ ಅವನ ಕಡೆಯ ವಾದ. ತಕರಾರು ಇದ್ದಿದ್ದರಿಂದ ದುಡ್ಡು ಕೋರ್ಟಿಗೆ ಹೋಗಿ ಕೂತಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು, ಅಪ್ಪ 2005ರಲ್ಲಿ ಬದುಕಿರಲಿ ಬಿಡಲಿ, ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಅಂತ ಹೇಳಿತು. ಮರುವರ್ಷ ಲೋಕ ಅದಾಲತ್‌ನಲ್ಲಿ ರಾಜಿ ಆಯಿತು. ನನ್ನ ಪಾಲು ಬಂತು. ಕೇಳಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನಿಸಿಲ್ಲ, ನಿನಗೂ ಯಾರಾದರೂ ಹಾಗೆ ಹೇಳಿದರೆ ನಂಬಬೇಡ.

ಆದರೆ ಅವತ್ತು ಕೋರ್ಟಿನ ಮೆಟ್ಟಿಲಲ್ಲಿ ಅಣ್ಣ ಎದುರು ಸಿಕ್ಕಿದ. ಇಬ್ಬರ ಜೇಬಲ್ಲೂ ದುಡ್ಡಿತ್ತು, ಇಬ್ಬರೂ ಮಾತಾಡಲಿಲ್ಲ.

ಆಮೇಲೆ ನಿನ್ನ ಅಪ್ಪನ ಹೃದಯದ ಆಪರೇಷನ್. ನಿನಗೆ ಹೇಳಿದ್ದೆ ಅಲ್ವಾ, ಬಿಲ್ ಕೈಗೆ ಕೊಟ್ಟ ತಕ್ಷಣ ಕಟ್ಟಿದೆ. ಯಾರ ಹತ್ತಿರವೂ ಕೈ ಚಾಚಲಿಲ್ಲ, ಒಡವೆ ಅಡವಿಡಲಿಲ್ಲ. ಆ ದುಡ್ಡು ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೂ ನನಗೆ ಭಯ. ಆದರೂ ಆ ರಾತ್ರಿ ಐಸಿಯು ಹೊರಗಿನ ಕುರ್ಚಿಯಲ್ಲಿ ನಾನೊಬ್ಬಳೇ ಕೂತಿದ್ದಾಗ ನೆನಪಾಗಿದ್ದು 1987. ಆಗ ತಾತನನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದೆವು. ಅವ್ವನ ಎರಡೆಳೆ ಸರ ಗಿರವಿ ಅಂಗಡಿಗೆ ಹೋಯಿತು, ವಾಪಸ್ ಬರಲೇ ಇಲ್ಲ. ಆದರೆ ವರಾಂಡದಲ್ಲಿ ಚಾಪೆ ಹಾಸಿಕೊಂಡು ಎಂಟು ಜನ ಮಲಗಿದ್ದರು. ಊರಿಂದ ದಿನಾ ಯಾರೋ ಒಬ್ಬರು ಬಸ್ಸಿನಲ್ಲಿ ಮುದ್ದೆ ಸಾರು ಕಟ್ಟಿಕೊಂಡು ಬರುತ್ತಿದ್ದರು. ಅಣ್ಣ ನನ್ನನ್ನು ತನ್ನ ಟವೆಲ್ ಮೇಲೆ ಮಲಗಿಸಿ ತಾನು ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತಿದ್ದ. ಹಳೇ ಕಾಲವೇ ಒಳ್ಳೆಯದಿತ್ತು ಅಂತ ನಾನು ಹೇಳುತ್ತಿಲ್ಲ, ಅವ್ವನ ಬರಿ ಕತ್ತು ನೋಡಿದವಳು ಹಾಗೆ ಹೇಳಲಾರಳು. ಎರಡೂ ಕೊರತೆಯೇ. ಒಂದನ್ನು ದುಡ್ಡು ತುಂಬಿತು. ಇನ್ನೊಂದರ ಹತ್ತಿರಕ್ಕೂ ಅದು ಹೋಗಲಿಲ್ಲ.

ಇದನ್ನೇ ಲೆಕ್ಕ ಹಾಕಿ ನೋಡಿದವರು ಇದ್ದಾರೆ. ಡೇನಿಯಲ್ ಕಾನೆಮನ್ ಅನ್ನುವ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು 2010ರಲ್ಲಿ, ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 75,000 ಡಾಲರ್ ದಾಟಿದ ಮೇಲೆ ದಿನನಿತ್ಯದ ಖುಷಿ ಹೆಚ್ಚಲ್ಲ ಅಂತ ಬರೆದರು. 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಅನ್ನುವವರು, ಇಲ್ಲ, ಅದಕ್ಕಿಂತ ಮೇಲೂ ಹೆಚ್ಚುತ್ತಲೇ ಹೋಗುತ್ತೆ ಅಂದರು. ಆಮೇಲೆ ಇಬ್ಬರೂ ಬಾರ್ಬರಾ ಮೆಲ್ಲರ್ಸ್ ಎನ್ನುವವರನ್ನು ಮಧ್ಯಸ್ಥರಾಗಿ ಕೂರಿಸಿಕೊಂಡು ಒಟ್ಟಿಗೆ ಅಂಕಿಅಂಶ ನೋಡಿದರು. 2023ರಲ್ಲಿ ಗೊತ್ತಾಗಿದ್ದು ಇಷ್ಟು: ಹೆಚ್ಚಿನವರಿಗೆ ವರಮಾನದ ಜೊತೆ ಖುಷಿಯೂ ಏರುತ್ತದೆ. ಆದರೆ ತೀರಾ ಬೇಸರದಲ್ಲಿರುವ ಐದರಲ್ಲಿ ಒಂದು ಪಾಲು ಜನಕ್ಕೆ ಒಂದು ಮಟ್ಟದವರೆಗೆ ಮಾತ್ರ, ಆಮೇಲೆ ದುಡ್ಡು ಎಷ್ಟು ಬಂದರೂ ಅಷ್ಟೇ. ನನಗೆ ಅಂಕಿಗಿಂತ ಹಿಡಿಸಿದ್ದು ಅವರು ಒಟ್ಟಿಗೆ ಕೂತಿದ್ದು. ನನಗೂ ಅಣ್ಣನಿಗೂ ನಡುವೆ ಕೂರುವವರು ಒಬ್ಬರೂ ಸಿಗಲಿಲ್ಲ, ವಕೀಲರನ್ನು ಬಿಟ್ಟರೆ.

ಈಗ ನಿನ್ನ ವಿಷಯ. ನಿನಗೆ ನಿದ್ದೆ ಬರುತ್ತಿಲ್ಲ. ಊಟ ಬಿಡುತ್ತೀಯ. ಅಪ್ಪನಿಗೆ ಏನಾದರೂ ಆದರೆ ಅಂತ ರಾತ್ರಿ ಎರಡು ಗಂಟೆಗೆ ಮೆಸೇಜ್ ಹಾಕುತ್ತೀಯ. ಓದಿಗೆ ಮಾಡಿದ ಸಾಲ ಇನ್ನೂ ಆರು ಲಕ್ಷ ಇದೆ. ಇಷ್ಟನ್ನೂ ಒಂದೇ ಗಂಟು ಕಟ್ಟಿ ಹೊಸ ಸಂಬಳದ ತಲೆ ಮೇಲೆ ಇಡುತ್ತಿದ್ದೀಯ ಅಂತ ನನಗೆ ಕಾಣುತ್ತಿದೆ. ಸಾಲವನ್ನು ಸಂಬಳ ತೀರಿಸುತ್ತೆ, ಸಂಶಯವೇ ಇಲ್ಲ. ಅಪ್ಪನ ಬಗ್ಗೆ ಇರುವ ಭಯವನ್ನು ತೀರಿಸುತ್ತಾ? ಅದು ಆಪರೇಷನ್ ದಿನ ನೀನು ಊರಲ್ಲಿ ಇರಲಿಲ್ಲ ಅನ್ನುವ ಸಂಕಟ, ಅದರ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಿಲ್ಲ.

ಹಾಗಾಗಿ ನಾನು ಒಂದು ತೀರ್ಮಾನ ಮಾಡಿದ್ದೇನೆ, ಅಪ್ಪನೂ ಒಪ್ಪಿದ್ದಾರೆ. ನನ್ನ ಪಾಲಿನಲ್ಲಿ ಆಸ್ಪತ್ರೆ ಖರ್ಚು ಕಳೆದು ಉಳಿದ ನಾಲ್ಕು ಲಕ್ಷ ಎಫ್‌ಡಿಯಲ್ಲಿದೆ. ಅದನ್ನು ನಿನ್ನ ಸಾಲಕ್ಕೆ ಕಟ್ಟೋಣ. ತಿಂಗಳು ತಿಂಗಳು ನಮಗೆ ಕಳಿಸುವುದನ್ನು ನಿಲ್ಲಿಸಿ ಉಳಿದ ಎರಡು ನೀನು ತೀರಿಸು. ಆಮೇಲೆ ತಲೆ ಹಗುರ ಮಾಡಿಕೊಂಡು ಹೈದರಾಬಾದಿನ ವಿಷಯ ಯೋಚಿಸು. ಕೆಲಸ ಇಷ್ಟ ಆದರೆ ಹೋಗು, ಖಂಡಿತ ಹೋಗು. ಬೇಡ ಅಂತ ನಾನಂತೂ ಹೇಳಲ್ಲ.

ಇನ್ನೊಂದು ಸಮಾಚಾರ. ಈ ಸಲ ಗೌರಿ ಹಬ್ಬದ ದಿನ ಅಣ್ಣನ ಮಗ ಬೈಕಿನಲ್ಲಿ ಬಂದು ಬಾಗಿನ ಕೊಟ್ಟು ಹೋದ. ಏಳು ವರ್ಷ ಆಗಿತ್ತು. ಅದೇ ರವಿಕೆ ಬಟ್ಟೆ, ಬಳೆ, 500 ರೂಪಾಯಿ. ಕಾಗದ ಏನೂ ಇರಲಿಲ್ಲ. "ಅಪ್ಪ ಕಳಿಸಿದರು ಅತ್ತೆ" ಅಂದ, ಕಾಫಿ ಕುಡಿದು ಹೊರಟ. ಆ ನೋಟನ್ನು ದೇವರ ಮನೆಯಲ್ಲೇ ಇಟ್ಟಿದ್ದೇನೆ. ತವರಿಗೆ ಒಂದು ಸಲ ಹೋಗಿ ಬರಬೇಕು ಅಂತಿದ್ದೇನೆ, ನೀನೂ ಜೊತೆಗಿದ್ದರೆ ಕಾಲು ಮುಂದೆ ಬರುತ್ತೆ.

ಶುಕ್ರವಾರ ರಜೆ ಹಾಕಿ ಬಾ, ಬ್ಯಾಂಕು ತೆಗೆದಿರುತ್ತೆ. ಸಾಲದ ಸ್ಟೇಟ್‌ಮೆಂಟ್ ಮರೆಯದೆ ತಗೊಂಡು ಬಾ.

ನಿನ್ನ ಅಮ್ಮ