‘ಮತ ಹಾಕಿ’ ರೀಲ್ಸ್‌ಗೂ ಮೊದಲು ನಮೂನೆ 6 ತಲುಪಲಿ

ಮಾನ್ಯರೇ,

ಚುನಾವಣೆ ಹತ್ತಿರವಾದಂತೆ ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಸ್ಟೇಟಸ್ ತುಂಬ ‘ತಪ್ಪದೇ ಮತ ಹಾಕಿ’ ಎಂಬ ರೀಲ್ಸ್ ಹರಿದಾಡುತ್ತವೆ. ಮತದಾರರ ಪಟ್ಟಿಯಲ್ಲಿ ಹೆಸರೇ ಇಲ್ಲದ ಹುಡುಗ–ಹುಡುಗಿಯರಿಗೆ ಅಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದರೆ ಆ ಚುನಾವಣೆಗೆ ಹೊಸ ಹೆಸರು ಸೇರದು. ಆಕ್ಷೇಪಣೆಗೆ ಏಳು ದಿನ ಬಿಡಬೇಕಾದ್ದರಿಂದ ಹೆಸರು ಸೇರಿಸುವ ಅರ್ಜಿಯಾದ ನಮೂನೆ 6 ಆ ಕೊನೆಯ ದಿನಕ್ಕೂ ಸುಮಾರು ಹತ್ತು ದಿನ ಮೊದಲೇ ತಲುಪಿರಬೇಕು. 2023ರ ವಿಧಾನಸಭಾ ಚುನಾವಣೆಯಲ್ಲಿ ಮತದಾನ ಮೇ 10ರಂದು, ನಾಮಪತ್ರಕ್ಕೆ ಕೊನೆಯ ದಿನ ಏಪ್ರಿಲ್ 20. ಮೇ ತಿಂಗಳಲ್ಲಿ ರೀಲ್ಸ್ ನೋಡಿ ಎಚ್ಚೆತ್ತವರಿಗೆ ದಾರಿಯೇ ಇರಲಿಲ್ಲ.

2022ರ ಆಗಸ್ಟ್‌ನಿಂದ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ, ಅಂದರೆ ಹದಿನೆಂಟು ತುಂಬಿರಬೇಕಾದ ದಿನಗಳು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. ಹದಿನೇಳು ದಾಟಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ದ್ವಿತೀಯ ಪಿಯುಸಿ ಮತ್ತು ಪದವಿಯ ಮೊದಲ ವರ್ಷದ ತರಗತಿ ಗ್ರೂಪ್‌ಗಳಿಗೆ ಪ್ರತಿ ದಿನಾಂಕದ ಹಿಂದಿನ ತಿಂಗಳು ಸಂದೇಶ ಹೋಗಬೇಕು. ಸಾವಿರಾರು ಫಾಲೋವರ್‌ಗಳಿರುವ ಪೇಜ್‌ಗಿಂತ ಅರವತ್ತು ಜನರ ತರಗತಿ ಗ್ರೂಪೇ ಈ ಕೆಲಸಕ್ಕೆ ವಾಸಿ, ಅಲ್ಲಿ ‘ಅರ್ಜಿ ಹಾಕಿದೆಯಾ?’ ಎಂದು ಹೆಸರು ಹಿಡಿದು ಕೇಳುವವರಿರುತ್ತಾರೆ.

ಸಂದೇಶದಲ್ಲಿ ದೇಶಪ್ರೇಮದ ಮಾತಿಗಿಂತ ಕೆಲಸದ ಮಾತಿರಲಿ. ಹೊಸ ಹೆಸರಿಗೆ ನಮೂನೆ 6, ವಿಳಾಸ ಬದಲಾವಣೆ ಹಾಗೂ ತಿದ್ದುಪಡಿಗೆ ನಮೂನೆ 8. ಈಗಾಗಲೇ ಹೆಸರಿರುವವರು ಊರು ಬದಲಿಸಿದಾಗ ಮತ್ತೆ ನಮೂನೆ 6 ತುಂಬಿ ಎರಡು ಕಡೆ ಸೇರಿಬಿಡುತ್ತಾರೆ, ಇದಕ್ಕೆ ಕಾನೂನಿನ ಅನುಮತಿಯಿಲ್ಲ. ಫೋಟೊ, ವಯಸ್ಸಿನ ದಾಖಲೆ, ವಿಳಾಸದ ದಾಖಲೆ ಮೊದಲೇ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಲಿ. ವಯಸ್ಸಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಸಾಕು. ಹಾಸ್ಟೆಲ್‌ನಲ್ಲಿರುವವರು ಅಪ್ಪ–ಅಮ್ಮನ ಊರಿನಲ್ಲಾಗಲಿ ಹಾಸ್ಟೆಲ್ ವಿಳಾಸದಲ್ಲಾಗಲಿ ಸೇರಬಹುದು. ಹಾಸ್ಟೆಲ್ ವಿಳಾಸವಾದರೆ ಪ್ರಾಂಶುಪಾಲರ ದೃಢೀಕರಣ ಪತ್ರ ಬೇಕು. ಇದು ಗೊತ್ತಿಲ್ಲದೆಯೇ ಎಷ್ಟೋ ಮಂದಿ ಕೈಬಿಡುತ್ತಾರೆ.

ಚುನಾವಣಾ ಆಯೋಗದ ಪೋರ್ಟಲ್‌ನಲ್ಲಿ ಇಂಗ್ಲಿಷ್ ಹೆಸರು ತುಂಬಿದರೆ ಕನ್ನಡದ ರೂಪ ತಾನೇ ಮೂಡುತ್ತದೆ. ‘ದೀಪಾ’ ‘ಡೀಪಾ’ ಆಗುವುದು, ‘ಳ’ ಹೋಗಿ ‘ಲ’ ಬರುವುದು ಅಲ್ಲೇ. ಸಲ್ಲಿಸುವ ಮೊದಲು ಓದಿ ತಿದ್ದಬೇಕು. ರೆಫರೆನ್ಸ್ ಸಂಖ್ಯೆ ಬರೆದಿಟ್ಟುಕೊಂಡು ವಾರಕ್ಕೊಮ್ಮೆ ಸ್ಥಿತಿ ನೋಡಬೇಕು. ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ವಿಚಾರಿಸಲು ಬಂದಾಗ ಆ ವಿಳಾಸದಲ್ಲಿ ಗುರುತಿಸುವವರಿಲ್ಲದಿದ್ದರೆ ಅರ್ಜಿ ತಿರಸ್ಕೃತವಾಗಬಹುದು. ಮನೆಯವರಿಗೂ ಅಕ್ಕಪಕ್ಕದವರಿಗೂ ತಿಳಿಸಿಟ್ಟಿರಲಿ.

ನೆರವಾಗುವ ಉತ್ಸಾಹದಲ್ಲಿ ಗೆಳೆಯರ ಆಧಾರ್ ಪ್ರತಿಗಳನ್ನು ಗ್ರೂಪ್‌ಗೆ ತರಿಸಿಕೊಳ್ಳುವುದು ದಯವಿಟ್ಟು ನಿಲ್ಲಲಿ. ಅರ್ಜಿಯನ್ನು ಅವರವರ ಮೊಬೈಲ್‌ನಲ್ಲೇ ತುಂಬಿಸಬೇಕು, ಲಿಂಕ್ ಚುನಾವಣಾ ಆಯೋಗದ್ದೇ ಆಗಿರಬೇಕು. ಸಂದೇಹಕ್ಕೆ 1950 ಸಹಾಯವಾಣಿ ಇದೆ.

ಕಾಲೇಜುಗಳ ಮತದಾರರ ಸಾಕ್ಷರತಾ ಸಂಘಗಳು ರಾಷ್ಟ್ರೀಯ ಮತದಾರರ ದಿನವಾದ ಜನವರಿ 25ರ ಪ್ರತಿಜ್ಞೆಯ ಫೋಟೊ ಹಾಕಿ ಸುಮ್ಮನಾಗದೆ, ಅದೇ ದಿನ ತಮ್ಮ ಪೇಜ್‌ನಲ್ಲಿ ಕನ್ನಡದಲ್ಲೇ ನಮೂನೆ 6 ತುಂಬುವ ಎರಡು ನಿಮಿಷದ ವಿಡಿಯೊ ಹಾಕಲಿ.

– ಮತದಾರರ ನೋಂದಣಿ ಸ್ವಯಂಸೇವಕರು, ಮೈಸೂರು